ಗಂಗವ್ವ ಸಾಯಬೇಕಾದ ವಾರ

ಮರ ಕೊಯ್ಯುವ ಮಷಿನ್ನು ಗುರ್ರೆಂದಿತು. ಹೊಸ ಗಟಾರಕ್ಕೆ ಅಡ್ಡ ಬಂದಿದ್ದ ಬೇವಿನ ಮರವನ್ನು ಕಾದಂಬರಿಕಾರ್ತಿ ಅನುರಾಧಾ ಇನ್ನಷ್ಟು ಬಿಗಿಯಾಗಿ ತಬ್ಬಿಕೊಂಡಳು. ತೋಳಿಗೆ ಇರುವೆ ಹತ್ತಿದ್ದವು. "ಅಯ್ಯ ನಮ್ಮಪ್ಪಾ, ಏನ್ ಕಡೀತಾವ ಇವು," ಎಂದು ಆಕೆ ಗೊಣಗಿದ್ದೇ ತಡ, ಗುತ್ತಿಗೆದಾರ ಶಿವಕಾಂತ ಮಷಿನ್ನು ನಿಲ್ಲಿಸಿದ. ಮಹಾರಾಷ್ಟ್ರದ ಸಂಭಾಜಿನಗರದ ಆ ಬೀದಿಯಲ್ಲಿ ಅವನು ಕನ್ನಡ ಕೇಳಿರಲೇ ಇಲ್ಲ.

ಆಕೆಯ ಹೆಸರು ತಿಳಿದದ್ದೇ ಅವನು ಬೀದರಿನಲ್ಲಿದ್ದ ತಾಯಿ ಈರಮ್ಮನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ವಾರಪತ್ರಿಕೆಯಲ್ಲಿ ಬರುತ್ತಿದ್ದ ಅನುರಾಧಾಳ ಧಾರಾವಾಹಿಯನ್ನು ಈರಮ್ಮ ಒಂದು ವಾರವೂ ತಪ್ಪಿಸಿದವಳಲ್ಲ. "ನಿಮ್ಮ ಕಥಿಯಾಗಿನ ಗಂಗವ್ವ ಬಿಸಿಲು ಬಡದು ಹಾಸಿಗಿ ಹಿಡದಾಳ, ಆಕಿನ್ನ ಸಾಯಿಸ್ಲತ್ತೀರೇನ್ರಿ? ನನಗ ಊಟಾನೇ ಸೇರವಲ್ದು."

"ಭೂಮಿ ಕಾಯ್ಲತ್ತದ ಅಂತ ಜನಕ್ಕ ತಿಳೀಬೇಕಲ್ರೀ ಅಮ್ಮಾ," ಎಂದಳು ಅನುರಾಧಾ. ಹನ್ನೊಂದು ಕಾದಂಬರಿಗಳಲ್ಲಿ ಆಕೆ ಯಾವ ನಾಯಕಿಯನ್ನೂ ಬದುಕಿಸಿರಲಿಲ್ಲ. ವಿಮರ್ಶಕರು ಮೆಚ್ಚಿದ್ದೂ ಅದನ್ನೇ.

"ಆಕಿನ್ನ ನೀವು ಉಳಸ್ರಿ. ಮರ ನನ್ನ ಮಗ ಉಳಸ್ತಾನ."

ಶಿವಕಾಂತ ತಲೆ ಕೆರೆದುಕೊಂಡ. "ಗಟಾರ ಎರಡು ಫೂಟ್ ಆಚಿ ಸರಸಬಹುದ್ರಿ."

"ಆಯ್ತ್ರಿ," ಎಂದಳು ಅನುರಾಧಾ, ಕಣ್ಣು ಮುಚ್ಚಿ. "ಮುಂದಿನ ವಾರ ಎದ್ದು ಕೂಡ್ತಾಳ."

"ಬರೇ ಎದ್ದು ಕುಂತ್ರ ಮತ್ತ ಬಿಸಿಲು ಬಡೀತದ," ಎಂದಳು ಈರಮ್ಮ. "ಆಕಿ ಮನಿಯಾಗ ಎಸಿ ಹಾಕಸ್ರಿ."

ಎಸಿ ಬೇಡವೆಂದು ಇಪ್ಪತ್ತು ವರ್ಷ ಊರೂರು ತಿರುಗಿ ಭಾಷಣ ಮಾಡಿದ್ದ ಅನುರಾಧಾ ಬೇವಿನ ತೊಗಟೆಗೆ ಹಣೆ ಒತ್ತಿ ನಿಂತಳು. ಶಿವಕಾಂತನ ಕೈ ಮತ್ತೆ ಮಷಿನ್ನಿನ ಮೇಲಿತ್ತು.

"ಒಂದು ಟನ್ನಿಂದು ಸಾಕೇನ್ರಿ," ಎಂದು ಆಕೆ ಕೇಳಿದಳು, "ಇಲ್ಲಾ, ಒಂದೂವರಿ ಟನ್ನಿಂದು ಬೇಕಾ?"