ಹನ್ನೊಂದನೆಯ ಸಹಿ

ಹತ್ತು ಸಹಿ ಬಿದ್ದಿದ್ದ ಹಾಳೆ ಛತ್ರಿ ಅಕ್ಕನ ಮುಂದೆ ಬಂದು ನಿಂತುಬಿಟ್ಟಿತು. ಸೇನೆಗೆ ವಿಜ್ಞಾನ, ತಂತ್ರಜ್ಞಾನದ ಸಲಹೆ ಕೊಡುವ ಸರ್ಕಾರಿ ಮಂಡಳಿಯ ಮೂರು ವರ್ಷದ ಅವಧಿ ಅಂದಿಗೆ ಮುಗಿಯುತ್ತಿತ್ತು. ಅದನ್ನು ಇನ್ನೂ ಮೂರು ವರ್ಷಕ್ಕೆ ಮುಂದುವರಿಸುವ ಹಾಳೆ ಇದು. ಹನ್ನೊಂದೂ ಸದಸ್ಯರ ಸಹಿ ಹೊತ್ತು ಸಂಜೆ ಐದರೊಳಗೆ ಮಂತ್ರಿಗಳ ಕಚೇರಿ ಸೇರದಿದ್ದರೆ ಮಂಡಳಿಯ ಕಥೆ ಮುಗಿದಂತೆಯೇ. ಗೋಡೆಯ ಗಡಿಯಾರ ನಾಲ್ಕು ತೋರಿಸುತ್ತಿತ್ತು.

"ಏನಮ್ಮಾ, ಪೆನ್ನು ಬರೀತಿಲ್ವಾ?" ಎಂದರು ಅಧ್ಯಕ್ಷರು. "ಹಳೇ ಹಾಳೇನೇ, ತಾರೀಖು ಮಾತ್ರ ಬೇರೆ. ಹಾಕಿಬಿಡಿ, ಕಾಫಿ ಆರಿಹೋಗ್ತಿದೆ."

"ಅದೇ ಸರ್ ನನ್ನ ತಕರಾರು. ತಾರೀಖು ಮಾತ್ರ ಬೇರೆ."

ಉಳಿದ ಹತ್ತೂ ಮಂದಿ ಪ್ರೊಫೆಸರುಗಳು, ವಿಜ್ಞಾನಿಗಳು. ಛತ್ರಿ ಅಕ್ಕ ಮಾತ್ರ ವಾಯುನೆಲೆಯ ಶೆಡ್ಡಿನಲ್ಲಿ ಮೂವತ್ತು ವರ್ಷ ಪ್ಯಾರಾಶೂಟ್ ಮಡಚಿದವಳು. ಹೆಸರು ಬಂದದ್ದೂ ಅದರಿಂದಲೇ. ಕೈಕೆಲಸ ಬಲ್ಲವರೂ ಒಬ್ಬರಿರಲಿ ಎಂದು ಯಾರೋ ಬರೆದದ್ದಕ್ಕೆ ಅವಳನ್ನು ಸೇರಿಸಿಕೊಂಡಿದ್ದರು. ಮೂರು ವರ್ಷದಲ್ಲಿ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಅವಳಾಗಿಯೇ ಕೈ ಎತ್ತಿದರೆ, "ಕಿಟಕಿ ತೆಗೀಬೇಕಾಮ್ಮ?" ಎನ್ನುತ್ತಿದ್ದರು.

ಅಕ್ಕ ಚೀಲದಿಂದ ಒಂದು ಜೊತೆ ಹೊಚ್ಚ ಹೊಸ ಬೂಟು ತೆಗೆದು ಮೇಜಿನ ಮೇಲಿಟ್ಟಳು. "ಹೋದ ವರ್ಷ ನಾವೇ ಒಪ್ಪಿಗೆ ಕೊಟ್ಟ ಬೂಟು. ನನ್ನ ಮಗಳು ಸೈನ್ಯದಲ್ಲಿದ್ದಾಳಲ್ಲ, ಇಂಥದ್ದೇ ಹಾಕ್ಕೊಂಡು ಮೂರು ದಿನ ನಡೆದಳು. ಈಗ ರಜೆ ಹಾಕಿ ಮನೇಲಿ ಹಿಮ್ಮಡಿ ಊರ್ಕೊಂಡು ಬಾತುಕೋಳಿ ಥರ ಓಡಾಡ್ತಿದ್ದಾಳೆ."

"ಎರಡು ಲಕ್ಷ ಸಲ ಬಗ್ಗಿಸಿ ನೋಡಿದ್ದೀವಿ ಕಣಮ್ಮ. ಒಂದು ಹೊಲಿಗೆ ಬಿಟ್ಟಿಲ್ಲ!" ಎಂದರು ಅಧ್ಯಕ್ಷರು.

"ಬಗ್ಗಿಸಿದ್ದು ಯಂತ್ರ ಸರ್. ಅದಕ್ಕೆಲ್ಲಿಂದ ಬರಬೇಕು ಕಾಲ್ಬೆರಳು?"

ಯಾರೋ ಕಿಸಕ್ಕೆಂದರು. ಅಧ್ಯಕ್ಷರು ಅತ್ತ ಕಣ್ಣು ಬಿಟ್ಟರು. ಅಕ್ಕ ಮುಂದುವರಿಸಿದಳು. "ನಮ್ಮ ಶೆಡ್ಡಲ್ಲಿ ಒಂದು ಕಟ್ಟುಪಾಡಿದೆ. ವರ್ಷಕ್ಕೊಂದು ದಿನ ಮೇಲ್ವಿಚಾರಕರು ಬರ್ತಾರೆ. ನಾನು ಮಡಚಿಟ್ಟಿರೋ ಪ್ಯಾರಾಶೂಟುಗಳಲ್ಲಿ ಒಂದಕ್ಕೆ ಬೆರಳು ತೋರಿಸಿ, ಇದನ್ನ ಕಟ್ಕೊಂಡು ವಿಮಾನ ಹತ್ತಮ್ಮ ಅಂತಾರೆ. ಹತ್ಬೇಕು. ಮೇಲಿಂದ ಹಾರ್ಬೇಕು."

"ನೀವು ಹಾರಿದ್ದೀರಾ?" ಎಂದು ಯಾರೋ ಕೇಳಿದರು.

"ಮೂವತ್ತು ಸಲ. ಮೊದಲ್ನೇ ಸಲ ಕಣ್ಣು ಮುಚ್ಕೊಂಡು ಹಾರಿದೆ. ಆಮೇಲಿಂದ ಮಡಚೋವಾಗ್ಲೇ ಕಣ್ಣು ಬಿಟ್ಕೊಂಡು ಮಡಚಿದೆ." ಅವಳು ಹಾಳೆಯನ್ನು ಅಧ್ಯಕ್ಷರತ್ತ ಸರಿಸಿದಳು. "ಒಂದೇ ಒಂದು ಸಾಲು ಸೇರಿಸಿ ಸರ್. ಮಂಡಳಿ ಯಾವುದಕ್ಕೆ ಒಪ್ಪಿಗೆ ಕೊಡುತ್ತೋ, ಅದನ್ನ ಮೊದಲು ನಾವೇ ಒಂದು ದಿನ ಬಳಸಿ ನೋಡ್ಬೇಕು."

ಒಬ್ಬರಿಗೆ ತಟ್ಟನೆ ಮಂಡಿನೋವು ನೆನಪಾಯಿತು. ಇನ್ನೊಬ್ಬರು ತಮ್ಮ ರಕ್ತದೊತ್ತಡದ ಪುರಾಣ ಬಿಚ್ಚಿದರು. ಅಕ್ಕ ಜಗ್ಗಲಿಲ್ಲ. ಆದರೆ ಅವಳ ಕಣ್ಣು ಮತ್ತೆ ಮತ್ತೆ ಗಡಿಯಾರದ ಕಡೆ ಹೋಗುತ್ತಿತ್ತು. ತಾನು ಹೀಗೇ ಪಟ್ಟು ಹಿಡಿದು ಐದು ಗಂಟೆ ಬಡಿದರೆ ಮಂಡಳಿಯೇ ಇರುವುದಿಲ್ಲ, ಮುಂದಿನ ಬೂಟಿನ ಬಗ್ಗೆ ಕೇಳುವವರೂ ಇರುವುದಿಲ್ಲ.

"ಅಂಥಾ ಕೆಟ್ಟ ಬೂಟೇನಲ್ಲ ಬಿಡಿ," ಎಂದು ಅಧ್ಯಕ್ಷರು ಕೈ ಚಾಚಿದರು. ಹಾಕಿ ನೋಡಿದರೆ ಅಳತೆ ಕರಾರುವಾಕ್ಕು! "ನನ್ನ ಕಾಲಿನ ಅಳತೆ ನಿಮಗೆ ಹೇಗಮ್ಮ ಗೊತ್ತಾಯ್ತು?"

"ಮೂರು ವರ್ಷ ಯಾರೂ ಮಾತಾಡಿಸ್ಲಿಲ್ಲ ಸರ್. ನೋಡ್ತಾ ಕೂತಿದ್ದೆ."

ಅಧ್ಯಕ್ಷರು ನಡೆದು ತೋರಿಸಲೆಂದು ಉದ್ದನೆಯ ಕಾರಿಡಾರಿಗಿಳಿದರು. ಮೊದಲ ಸುತ್ತು ದಂಡನಾಯಕರ ಠೀವಿ. ನಾಲ್ಕನೆಯದಕ್ಕೆ ಕೈ ಗೋಡೆ ಹಿಡಿಯಿತು. ಪಕ್ಕದ ಕೋಣೆಗಳ ಗುಮಾಸ್ತರೆಲ್ಲ ಬಾಗಿಲಿಗೆ ಬಂದು ನಿಂತರು. ಏಳನೆಯ ಸುತ್ತಿಗೆ ಅವರು ಹಿಮ್ಮಡಿ ಊರಿಕೊಂಡು, ಥೇಟ್ ಬಾತುಕೋಳಿಯಂತೆ ಸಭೆಯೊಳಗೆ ಬಂದಾಗ ಹತ್ತೂ ಜನ ತುಟಿ ಕಚ್ಚಿ ಕುಳಿತಿದ್ದರು. ಕುರ್ಚಿಗೆ ಬಿದ್ದ ಅಧ್ಯಕ್ಷರು ಬೂಟು ಕಿತ್ತೆಸೆದು, ತಮ್ಮ ಪಾದವನ್ನೊಮ್ಮೆ ನೋಡಿಕೊಂಡರು.

"ನನ್ನ ಕಿರುಬೆರಳಿಗೂ ಇವತ್ತು ಡಾಕ್ಟರೇಟ್ ಬಂತು ಕಣ್ರೀ!"

ಅವರೇ ಮೊದಲು ನಕ್ಕರು. ಆಮೇಲೆ ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಮಂಡಿನೋವಿನವರೂ ಎದ್ದು ನಿಂತು ನಕ್ಕರು. ಅಧ್ಯಕ್ಷರು ಕಾಲುಚೀಲದಲ್ಲೇ ಕುಳಿತು ಆ ಸಾಲನ್ನು ಸ್ವಂತ ಕೈಯಲ್ಲಿ ಬರೆದರು. ಅದರ ಪಕ್ಕ ಹತ್ತು ಸಹಿ ಮತ್ತೊಮ್ಮೆ ಬಿದ್ದವು. ಹನ್ನೊಂದನೆಯದನ್ನು ಹಾಕುವಾಗ ಅಕ್ಕನಿಗೆ ಖುಷಿಗೆ ಅಕ್ಷರವೇ ಕಾಣಲಿಲ್ಲ. ಮಂಡಳಿಯ ಕಾರ್ಯದರ್ಶಿ ಹಾಳೆ ಹಿಡಿದು ಮಂತ್ರಿಗಳ ಕಚೇರಿಗೆ ಓಡಿದರು.

ಐದಕ್ಕೆ ಎರಡು ನಿಮಿಷವಿದ್ದಾಗ ಅವರು ಮೊಹರು ಒತ್ತಿಸಿಕೊಂಡು ಏದುಸಿರು ಬಿಡುತ್ತ ಬಂದರು. ಚಪ್ಪಾಳೆಯೋ ಚಪ್ಪಾಳೆ. ಅದು ನಿಲ್ಲುವವರೆಗೆ ಕಾದು ಅವರು ಇನ್ನೊಂದು ಲಕೋಟೆ ಬಿಚ್ಚಿದರು.

"ಹೊಸ ಅವಧಿಯ ಮೊದಲ ವಿಷಯಾನೂ ಕಳಿಸಿಕೊಟ್ಟಿದ್ದಾರೆ ಸರ್. ಹೊಸ ನಮೂನೆಯ ಹಗುರ ಪ್ಯಾರಾಶೂಟ್."

ಎಲ್ಲರೂ ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರು ಕಿಟಕಿಯಾಚೆಯ ಆಕಾಶವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

ಛತ್ರಿ ಅಕ್ಕ ಹೊಸದಾಗಿ ಬಂದ ಬಿಸಿ ಕಾಫಿಯ ಲೋಟವನ್ನು ಅವರ ಮುಂದೆ ಸರಿಸಿದಳು.

"ಹೆದರ್ಬೇಡಿ ಸರ್. ನಾನೇ ಮಡಚಿ ಕೊಡ್ತೀನಿ."