ಬೆನ್ನ ಮೇಲಿನ ಕೈ

ಹುಡುಗಿ ನೀರು ಕುಡಿದಷ್ಟು ಸಲೀಸಾಗಿ ಅರ್ಧ ಪುಟ ಓದಿಬಿಟ್ಟಾಗ ಟೀಚರಮ್ಮನ ಎದೆ ಧಸಕ್ಕೆಂದಿತು. ಎದುರಿಗೆ ಅನುದಾನ ಕೊಡುವವರ ಕಡೆಯ ಪರೀಕ್ಷಕರು ಕೂತಿದ್ದರು. "ಈಗ ನಮ್ಮ ಮಕ್ಕಳಿಗೆ ಓದೋಕೆ ಬರಲ್ಲ ಅಂತ ಅವರಿಗೆ ಕಾಣ್ಬೇಕು. ಆಗ್ಲೇ ಸುಧಾರಣೆಗೆ ದುಡ್ಡು ಬರೋದು. ವರ್ಷದ ಕೊನೆಗೆ ಬೇಕಾದ್ರೆ ಎಲ್ಲರೂ ಪಂಡಿತರಾಗ್ಲಿ," ಎಂದು ಶಿಕ್ಷಣಾಧಿಕಾರಿಗಳು ನಿನ್ನೆಯ ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರ ಜೊತೆ ಟೀಚರಮ್ಮನೂ ನಕ್ಕಿದ್ದರು. ಆ ದುಡ್ಡಿನಲ್ಲಿ ಶಾಲೆಗೊಂದು ಗ್ರಂಥಾಲಯ ಬರುವುದಿತ್ತು.

ಟೀಚರಮ್ಮ ಹುಡುಗಿಯ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ಅವಳಿಗೆ ಹೊಸದಲ್ಲ. ಹೋದ ವರ್ಷವೆಲ್ಲ ಅವಳು ಒತ್ತಕ್ಷರದ ಮುಂದೆ ಮುಗ್ಗರಿಸಿದಾಗ ಸವರಿದ್ದು, ದಾಟಿದಾಗ ಶಭಾಷ್ ಎಂದು ತಟ್ಟಿದ್ದು ಅದೇ ಕೈ. ಇವತ್ತು ಅದು ಮೆಲ್ಲಗೆ ಚಿವುಟಿತು.

ಹುಡುಗಿ ಓದು ನಿಲ್ಲಿಸಿ ತಲೆಯೆತ್ತಿದಳು. ಟೀಚರಮ್ಮ ಕಿಟಕಿಯ ಕಡೆ ನೋಡುತ್ತಿದ್ದರು. ಹುಡುಗಿ ಮತ್ತೆ ಪುಸ್ತಕಕ್ಕೆ ಬಗ್ಗಿ, "ಹ... ಹಕ... ಹಕ್ಕಿ..." ಎಂದು ತಡವರಿಸತೊಡಗಿದಳು.

"ಮೊದಲಿನದೆಲ್ಲ ಬಾಯಿಪಾಠ ಮಾಡಿಸಿದ್ರಿ ಅನ್ಸುತ್ತೆ," ಎಂದು ಪರೀಕ್ಷಕರು ನಕ್ಕರು.

"ಹೌದು ಸರ್," ಎಂದರು ಟೀಚರಮ್ಮ. ಅವರ ನಾಲಿಗೆ ಒಂದಿಷ್ಟೂ ಮುಗ್ಗರಿಸಲಿಲ್ಲ.

ಪರೀಕ್ಷಕರು ಪಕ್ಕದ ತರಗತಿಗೆ ಹೋದ ಮೇಲೆ ಹುಡುಗಿ ಹತ್ತಿರ ಬಂದು ಪಿಸುಗುಟ್ಟಿದಳು: "ಅಷ್ಟು ತಪ್ಪು ಸಾಕಾಯ್ತಾ ಮಿಸ್?" ಆಮೇಲೆ ಎಂದಿನಂತೆ ತಟ್ಟಿಸಿಕೊಳ್ಳಲು ಬೆನ್ನು ತಿರುಗಿಸಿ ನಿಂತಳು.