ಕಿವಿಯಲ್ಲಿ ಕೂತವಳು

"ನಿಲ್ಲಿ," ಎಂದಳು ಅವಳು. ಬಸ್ಸು ಮೂಗಿನ ತುದಿ ಸವರಿಕೊಂಡು ಹೋದಂತೆ ಹೋಯಿತು.

"ಬಸ್ಸಲ್ಲಿ ಜಾಗ ಇತ್ತಾ ತಂಗಿ?" ಬೀಗದಣ್ಣನ ದನಿ.

"ನಿಮ್ಮ ಬಾಯಿಗೆ ಬೇರೆ ಟಿಕೆಟ್ ತಗೋಬೇಕಂತೆ. ಸುಮ್ನೆ ನಿಂತ್ಕೊಳ್ಳಿ."

ಅವನಿಗೆ ಕಣ್ಣು ಕಾಣದು. ಬೀಗ ರಿಪೇರಿ ಅವನ ಕಸುಬು. ಅವನ ಕನ್ನಡಕದ ನಡುವೆ ಗುಂಡುಸೂಜಿಯ ತಲೆಯಷ್ಟು ಕ್ಯಾಮೆರಾ, ಕಿವಿಯ ಕಡ್ಡಿಯಲ್ಲಿ ಸ್ಪೀಕರ್. ಕ್ಯಾಮೆರಾ ಕಂಡದ್ದೆಲ್ಲ ಊರಿನ ಇನ್ನೊಂದು ತುದಿಯಲ್ಲಿ, ಮೂರನೇ ಮಹಡಿಯಲ್ಲಿ ಕೂತ ಅವಳ ತೆರೆಗೆ ಬರುತ್ತಿತ್ತು. ಇಪ್ಪತ್ತು ದಿನದಿಂದ ಅವನನ್ನು ರಸ್ತೆ ದಾಟಿಸುವ ಕೆಲಸ ಅವಳದು. ಕ್ಯಾಮೆರಾ ಹೊರಮುಖವಾದ್ದರಿಂದ ಅವನ ಮುಖ ಕಂಡಿರಲಿಲ್ಲ; ಆದರೆ ಅವನ ಕೆಮ್ಮು ಗೊತ್ತು, ಸಿಳ್ಳೆ ಗೊತ್ತು, ಯಾವ ಹಲ್ಲು ನೋಯುತ್ತದೆಂಬುದೂ ಗೊತ್ತು. ಅಜ್ಜಿಯ ಕಥೆಯಲ್ಲಿ ಏಳು ಸಮುದ್ರದಾಚೆಯ ಗಿಳಿಯೊಳಗೆ ಒಬ್ಬನ ಪ್ರಾಣ ಅಡಗಿರುತ್ತಿತ್ತಲ್ಲ, ಹಾಗೆ ಅವನ ಪ್ರಾಣ ಅವಳ ನಾಲಗೆಯ ತುದಿಯಲ್ಲಿತ್ತು.

ಹಾರ್ನುಗಳ ಗದ್ದಲಕ್ಕೆ ಸ್ಪೀಕರ್ ಸದ್ದನ್ನು ಪೂರ್ತಿ ಏರಿಸಿದಳು. ಹೊರಗಿನವರಿಗೆ ಅದು ದುಂಬಿ ಗುಂಯ್‌ಗುಟ್ಟಿದಂತೆ ಕೇಳುತ್ತಿತ್ತು, ಅಷ್ಟೇ.

ಧಪ್ಪೆಂದಿತು. ತೆರೆ ತಿರುಗಿತು: ಆಕಾಶ, ಚಕ್ರ, ಯಾರದೋ ಅಂಗೈ, ಕತ್ತಲೆ. ಒಂದು ನರಳಾಟ. ಮತ್ತೊಂದು ಏಟು, ಮೂಳೆಗೆ ಬಿದ್ದದ್ದು.

"ಅಣ್ಣಾ? ಬೀಗದಣ್ಣಾ?"

ಮಾತಿಲ್ಲ, ಬರೀ ಏದುಸಿರು. ಆಮೇಲೆ ಕನ್ನಡಕ ಮತ್ತೆ ಮೂಗಿನ ಮೇಲೆ ಕೂತು ಚಿತ್ರ ನೆಟ್ಟಗಾಯಿತು. ಎದುರಿಗೆ ಒಬ್ಬ ನೆಲದಿಂದ ಏಳುತ್ತಿದ್ದ. ತುಟಿ ಸೀಳಿ ಗದ್ದದವರೆಗೆ ರಕ್ತ. ಹೆಗಲ ಚೀಲಕ್ಕೆ ಕೈ ಹಾಕಿ ಸುತ್ತಿಗೆ ಎಳೆದ.

"ಕೊಟ್ಬಿಡು," ಎಂದ. ಹಾರ್ನುಗಳ ನಡುವೆ, ಬಾಯ್ತುಂಬ ರಕ್ತದಲ್ಲಿ, ಮಾತು ಮುದ್ದೆಯಾಗಿ ಬಂತು.

ಅವಳು ಕೆಂಪು ಗುಂಡಿ ಒತ್ತಿದಳು. ಮೇಲ್ವಿಚಾರಕಿ ಓಡಿಬಂದು ಹೆಗಲ ಮೇಲೆ ಕೈಯಿಟ್ಟಳು. "ಪೊಲೀಸ್ರು ಹೊರಟಿದಾರೆ. ಹತ್ತು ನಿಮಿಷ ಅಂತೆ. ನೀನು ಮಾತು ನಿಲ್ಲಿಸ್ಬೇಡ."

"ಹತ್ತು ನಿಮಿಷಕ್ಕೆ ಹೆಣ ಬೀಳತ್ತೆ ಮೇಡಂ." ಮೈಕಿಗೆ ಬಗ್ಗಿದಳು. "ಅಣ್ಣಾ, ಎಡಕ್ಕೆ ಓಡಿ. ಗಲ್ಲಿ ಇದೆ."

ಓಡಿದ. ಗೋಡೆ ಸವರಲಿಲ್ಲ, ತಡವರಿಸಲಿಲ್ಲ. ತೆರೆದ ಚರಂಡಿಯನ್ನು ಅವಳು ಹೇಳುವ ಮೊದಲೇ ಹಾರಿದ. ಪ್ರಾಣಭಯ ಬಂದರೆ ಕಾಲಿಗೂ ಕಣ್ಣು ಮೂಡುತ್ತವೆ ಎಂದುಕೊಂಡಳು.

ಗಲ್ಲಿಯ ಕೊನೆಗೆ ಕಬ್ಬಿಣದ ಗೇಟು. ಗೇಟಿಗೆ ಬೀಗ.

"ಬೀಗ ಇದೆ ಅಣ್ಣ. ನಿಮ್ಮ ಕೈಗೆ ಇದ್ಯಾವ ಲೆಕ್ಕ, ತೆಗೀರಿ."

ಅವನು ಗೇಟನ್ನು ಒದ್ದ, ಹಿಡಿದು ಅಲುಗಾಡಿಸಿದ. ಬೀಗಕ್ಕೆ ಬೆರಳಿಡಲೇ ಇಲ್ಲ. ಪಾಪ, ಕೈ ಮರಗಟ್ಟಿರಬೇಕು.

ಸುತ್ತಿಗೆಯವನು ಗಲ್ಲಿಯ ಬಾಯಿಗೆ ಬಂದು, ಕತ್ತು ಓರೆ ಮಾಡಿ ನಿಂತ.

"ಹೆದರ್ಬೇಡಿ, ನಾನಿದೀನಿ," ಎಂದು ಅವಳು ಕೂಗಿದಳು. ಆ ಮನುಷ್ಯ ಥಟ್ಟನೆ ಇತ್ತಲೇ ತಿರುಗಿದ. ಎದುರಿನ ಗಾಳಿಗೆ ಸುತ್ತಿಗೆ ಬೀಸುತ್ತ ಹೆಜ್ಜೆ ಹಾಕಿದ. ಅವಳು ಉಸಿರೆಳೆದುಕೊಳ್ಳಲು ತಡೆದಾಗ ಅವನೂ ತಡೆದ. ಎರಗುವ ಮುನ್ನ ಹುಲಿ ಹಾಗೆಯೇ ತಾನೇ ನಿಲ್ಲುವುದು.

"ಬಲಗಾಲ ಹತ್ರ ಇಟ್ಟಿಗೆ ಇದೆ, ತಗೊಳ್ಳಿ. ನಾಲ್ಕು ಹೆಜ್ಜೆ ದೂರ ಇದಾನೆ. ಮೂರು. ಎರಡು. ತಲೆಗೆ. ಈಗ."

ಹಸಿಮರ ಸೀಳಿದಂಥ ಸದ್ದಾಯಿತು. ಮೇಲ್ವಿಚಾರಕಿ ಮುಖ ತಿರುಗಿಸಿದಳು.

"ಇನ್ನೊಂದು," ಎಂದಳು ಅವಳು. ಅದು ತನ್ನದೇ ದನಿ ಎಂದು ಅವಳಿಗೇ ನಂಬಿಕೆ ಬರಲಿಲ್ಲ. ಇನ್ನೊಂದೂ ಬಿತ್ತು. ಸುತ್ತಿಗೆ ಕೈಜಾರಿತು. ಮನುಷ್ಯ ಮೊಣಕಾಲೂರಿ, ಆಮೇಲೆ ಪಕ್ಕಕ್ಕೆ ಉರುಳಿದ.

"ಬದುಕಿದ್ರಿ ಅಣ್ಣ. ಬದುಕಿದ್ರಿ." ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ.

ತೆರೆಯೊಳಗೆ ಎರಡು ಕೈಗಳು ಬಂದವು. ಬಿದ್ದವನ ಜೇಬಿಗೆ ಇಳಿದವು. ಮಣಿಕಟ್ಟಿನ ಗಡಿಯಾರ ಬಿಚ್ಚಿಕೊಂಡವು. ಬೆರಳುಗಳು ಒಮ್ಮೆಯೂ ತಡಕಾಡಲಿಲ್ಲ.

ಅವಳು ತೆರೆಯ ಹತ್ತಿರಕ್ಕೆ ಬಗ್ಗಿದಳು.

ಬಿದ್ದವನ ಕಣ್ಣು ತೆರೆದೇ ಇದ್ದವು, ಏನನ್ನೂ ನೋಡುತ್ತಿರಲಿಲ್ಲ. ಅವನು ಮಗ್ಗುಲಿಗೆ ರಕ್ತ ಉಗುಳಿದ. ಗಲ್ಲಿಯ ನಿಶ್ಶಬ್ದದಲ್ಲಿ, ಇಪ್ಪತ್ತು ದಿನದಿಂದ ಅವಳನ್ನು ನಗಿಸಿದ ದನಿ ನಿಧಾನವಾಗಿ ಹೇಳಿತು:

"ಕನ್ನಡಕ ನೀನೇ ಇಟ್ಕೊಳಪ್ಪ. ಅದರೊಳಗೆ ನನ್ನ ತಂಗಿ ಇದಾಳೆ, ಹೆದರ್ಕೊಂಡಿರ್ತಾಳೆ. ನನಗೇನೂ ಆಗಿಲ್ಲ ಅಂತ ಅವಳಿಗೊಂದು ಮಾತು ಹೇಳು."